ಮೂರನೆಯ ದಶಮಾಂಶದ ಬೆಲೆ

3.647.

ಹೈಸ್ಕೂಲಿನಲ್ಲಿ ನಮಗೆ ಗಣಿತ ಹೇಳಿಕೊಟ್ಟ ಮೇಷ್ಟ್ರಿಗೆ ಇಂಥ ಸಂಖ್ಯೆ ಕಂಡರೆ ಸಿಟ್ಟು ಬರುತ್ತಿತ್ತು. 'ಬಿಂದುವಾದ ಮೇಲೆ ಎರಡು ಸ್ಥಾನ ಸಾಕ್ರೋ, ಮೂರನೆಯದು ಇಟ್ಕೊಂಡು ಏನು ಅಂಗಡಿ ಇಡ್ತೀರಾ' ಎನ್ನುತ್ತಿದ್ದರು. ನಾವೂ 3.65 ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದೆವು. ಮಾರ್ಕ್ಸ್ ಹೋಗುತ್ತಿರಲಿಲ್ಲ.

ಇಲ್ಲಿ ಹೋಗುತ್ತದೆ. ಕೇಂದ್ರ ಸರ್ಕಾರ ವಸೂಲಿ ಮಾಡುವ ತೆರಿಗೆಯಲ್ಲಿ ಒಂದು ಭಾಗವನ್ನು ರಾಜ್ಯಗಳಿಗೆಂದು ಎತ್ತಿಡುತ್ತದೆ. ಆ ಗಂಟಿನಲ್ಲಿ 2021ರಿಂದ 2026ರವರೆಗೆ ಕರ್ನಾಟಕದ ಪಾಲು ನೂರಕ್ಕೆ 3.647. ಗಂಟು ಎಷ್ಟು ದೊಡ್ಡದು ಎಂದರೆ 2025-26ರ ಬಜೆಟ್ಟಿನಲ್ಲಿ 14,22,444 ಕೋಟಿ ರೂಪಾಯಿ. ಹಾಗಾಗಿ ಮೂರನೆಯ ದಶಮಾಂಶದಲ್ಲಿ ಒಂದೇ ಒಂದು ಅಂಕಿ ಆಚೀಚೆಯಾದರೆ 14 ಕೋಟಿ 22 ಲಕ್ಷ ರೂಪಾಯಿ ಆಚೀಚೆಯಾಗುತ್ತದೆ. ಮೇಷ್ಟ್ರು ಬೇಡವೆಂದ ಆ ಕೊನೆಯ 7ರ ಬೆಲೆ, ಒಂದು ವರ್ಷಕ್ಕೆ, 99 ಕೋಟಿ 57 ಲಕ್ಷ. ಅವರು ಹೇಳಿದಂತೆ 3.65 ಎಂದು ಸರಿಮಾಡಿ ಬರೆದಿದ್ದರೆ ನಮಗೆ ನಲವತ್ತೆರಡೂವರೆ ಕೋಟಿ ಲಾಭವೇ ಆಗುತ್ತಿತ್ತು. ಆದರೆ ಅಷ್ಟು ಹಣ ಇನ್ನಾವುದೋ ರಾಜ್ಯದ ಜೇಬಿನಿಂದ ಹೋಗಬೇಕು. ಒಕ್ಕೂಟದ ಲೆಕ್ಕದಲ್ಲಿ ಎಲ್ಲಕ್ಕೂ ಕಷ್ಟದ ಸಂಗತಿ ಇದೇ: ಎಲ್ಲರ ಪಾಲು ಕೂಡಿಸಿದರೆ ನೂರೇ ಆಗಬೇಕು.

14 ಲಕ್ಷ ಕೋಟಿ ಎಂಬುದು ಬಾಯಲ್ಲಿ ಹೇಳುವುದಕ್ಕೆ ಸಲೀಸು, ಕಣ್ಣಿಗೆ ಕಾಣುವುದಿಲ್ಲ. ಅದನ್ನು ಐನೂರರ ನೋಟು ಮಾಡಿ ನೋಡೋಣ. ಸುಮಾರು 2,845 ಕೋಟಿ ನೋಟುಗಳು. ಒಬ್ಬ ಮನುಷ್ಯ ಊಟ, ನಿದ್ದೆ ಬಿಟ್ಟು ಸೆಕೆಂಡಿಗೆ ಒಂದರಂತೆ ಎಣಿಸುತ್ತ ಕೂತರೆ ಮುಗಿಸಲು 901 ವರ್ಷ ಬೇಕು. ಈಗ ಮುಗಿಸಿ ಮೇಲೇಳಬೇಕಾದರೆ ಅವನು 1125ರ ಹೊತ್ತಿಗೆ ಶುರುಮಾಡಿರಬೇಕು. ಆಗ ಕಲ್ಯಾಣದಲ್ಲಿ ಆಳುತ್ತಿದ್ದವನು ಚಾಲುಕ್ಯರ ಆರನೆಯ ವಿಕ್ರಮಾದಿತ್ಯ. ಬಸವಣ್ಣನವರು ಇನ್ನೂ ಕಲ್ಯಾಣಕ್ಕೆ ಬಂದಿರಲಿಲ್ಲ. ವಿಜಯನಗರ ಹುಟ್ಟುವುದಕ್ಕೆ ಇನ್ನೂ ಇನ್ನೂರು ವರ್ಷಗಳಿದ್ದವು. ಅಲ್ಲಿಂದ ಇಲ್ಲಿಯವರೆಗೆ ಎಣಿಸಿದರೆ ಒಂದು ವರ್ಷದ ಗಂಟು ಮುಗಿಯುತ್ತದೆ. ಮರುವರ್ಷದ ಗಂಟು ಅದಕ್ಕಿಂತ ದೊಡ್ಡದು.

ಎಣಿಸುವ ಆ ಬಡಪಾಯಿಯ 901 ವರ್ಷದಲ್ಲಿ ಉತ್ತರ ಪ್ರದೇಶದ ನೋಟುಗಳಿಗೇ 162 ವರ್ಷ ಹಿಡಿಯುತ್ತದೆ. ಬಿಹಾರಕ್ಕೆ 91 ವರ್ಷ. ಗೋವಾಕ್ಕೆ ಮೂರೂವರೆ ವರ್ಷ. ಕರ್ನಾಟಕಕ್ಕೆ 33 ವರ್ಷ, ಅಂದರೆ ಒಬ್ಬ ಗುಮಾಸ್ತನ ಪೂರ್ತಿ ನೌಕರಿ.

ಇಷ್ಟು ದೊಡ್ಡ ಗಂಟನ್ನು ಹಂಚುವವರು ಎಷ್ಟು ಜನ? ಐವರು. ಸಂವಿಧಾನದ 280ನೆಯ ವಿಧಿಯ ಪ್ರಕಾರ ಐದು ವರ್ಷಕ್ಕೊಮ್ಮೆ ರಾಷ್ಟ್ರಪತಿ ಒಂದು ಹಣಕಾಸು ಆಯೋಗವನ್ನು ನೇಮಿಸುತ್ತಾರೆ. ಒಬ್ಬರು ಅಧ್ಯಕ್ಷರು, ನಾಲ್ವರು ಸದಸ್ಯರು. 1951ರಲ್ಲಿ ಕೆ.ಸಿ. ನಿಯೋಗಿಯವರಿಂದ ಶುರುವಾದ ಈ ಸಾಲು ಈಗ ಹದಿನಾರಕ್ಕೆ ಬಂದು ನಿಂತಿದೆ. ಅವರು ರಾಜ್ಯ ರಾಜ್ಯ ಸುತ್ತುತ್ತಾರೆ, ಮುಖ್ಯಮಂತ್ರಿಗಳು ಶಾಲು ಹೊದೆಸುತ್ತಾರೆ, ಅಧಿಕಾರಿಗಳು ದಪ್ಪ ಮನವಿಪತ್ರ ಕೊಡುತ್ತಾರೆ. ಪ್ರತಿ ರಾಜ್ಯವೂ ತನ್ನ ಬಡತನವನ್ನು ಹೇಳಿಕೊಳ್ಳುತ್ತದೆ. ಬಂಡವಾಳ ಹೂಡಿಕೆದಾರರ ಸಮಾವೇಶದಲ್ಲಿ ನಾವೇ ನಂಬರ್ ಒನ್ ಎಂದ ಅದೇ ರಾಜ್ಯ, ಆಯೋಗದ ಮುಂದೆ ಹರಕು ಅಂಗಿ ತೊಟ್ಟು ನಿಲ್ಲುತ್ತದೆ. ಇದರಲ್ಲಿ ಕರ್ನಾಟಕವೂ ಹಿಂದೆ ಬಿದ್ದಿಲ್ಲ.

ಹದಿನಾಲ್ಕನೆಯ ಆಯೋಗ ವೈ.ವಿ. ರೆಡ್ಡಿಯವರದು. ಅದು ರಾಜ್ಯಗಳ ಒಟ್ಟು ಪಾಲನ್ನು ಒಂದೇ ನೆಗೆತಕ್ಕೆ ನೂರಕ್ಕೆ 32ರಿಂದ 42ಕ್ಕೆ ಏರಿಸಿತು. ಆಗ ಕರ್ನಾಟಕದ ಪಾಲು 4.713. ಎನ್.ಕೆ. ಸಿಂಗ್ ಅವರ ಹದಿನೈದನೆಯ ಆಯೋಗದಲ್ಲಿ ಅದು 3.647ಕ್ಕೆ ಬಿತ್ತು. ವ್ಯತ್ಯಾಸ 1.066. ನೋಡುವುದಕ್ಕೆ ಜ್ವರ ಒಂದು ಡಿಗ್ರಿ ಇಳಿದಂತೆ. 2025-26ರ ಗಂಟಿಗೆ ಹಚ್ಚಿ ನೋಡಿದರೆ 15,163 ಕೋಟಿ ರೂಪಾಯಿ, ಒಂದೇ ವರ್ಷಕ್ಕೆ.

ಇಳಿದದ್ದು ಏಕೆ? ಯಾರೋ ದೆಹಲಿಯಲ್ಲಿ ಕೂತು ನಮ್ಮ ಮೇಲೆ ಹಲ್ಲು ಮಸೆದರು ಎಂದು ಹೇಳಿದರೆ ಭಾಷಣಕ್ಕೆ ಚೆನ್ನ, ಲೆಕ್ಕಕ್ಕೆ ಸಾಲದು. ಹದಿಮೂರನೆಯ ಆಯೋಗದವರೆಗೂ ಜನಸಂಖ್ಯೆ ಎಂದರೆ 1971ರ ಜನಗಣತಿ. ಹದಿನೈದನೆಯದು ಅದನ್ನು ಬಿಟ್ಟು 2011ರ ಗಣತಿಯನ್ನು ಹಿಡಿಯಿತು. ಆ ನಲವತ್ತು ವರ್ಷದಲ್ಲಿ ಎರಡೇ ಮಕ್ಕಳು ಸಾಕು ಎಂದುಕೊಂಡ ದಕ್ಷಿಣದ ಮನೆಗಳು ಲೆಕ್ಕದಲ್ಲಿ ಚಿಕ್ಕವಾದವು. ಹಾಗೆ ಮಿತಿ ಕಾಯ್ದವರಿಗೆಂದು ನೂರರಲ್ಲಿ ಹನ್ನೆರಡೂವರೆ ಅಂಕ ಬೇರೆಯಾಗಿ ಇಟ್ಟರು, ನಿಜ. ಆದರೆ ನೂರರಲ್ಲಿ 45 ಅಂಕ ಇದ್ದದ್ದು ವರಮಾನದ ಅಂತರಕ್ಕೆ. ನಿಮ್ಮ ರಾಜ್ಯದ ತಲಾ ಆದಾಯ ಶ್ರೀಮಂತ ರಾಜ್ಯದ ತಲಾ ಆದಾಯಕ್ಕಿಂತ ಎಷ್ಟು ಕೆಳಗಿದೆಯೋ ಅಷ್ಟು ಹೆಚ್ಚು ಪಾಲು. ಕರ್ನಾಟಕ ಏಟು ತಿಂದದ್ದು ಮುಖ್ಯವಾಗಿ ಇಲ್ಲಿ. ಬೆಂಗಳೂರಿನ ಸಾಫ್ಟ್‌ವೇರ್ ಸಂಬಳವನ್ನೂ ಯಾದಗಿರಿಯ ಕೂಲಿಯನ್ನೂ ಒಂದೇ ಕೊಳಗಕ್ಕೆ ಸುರಿದು ಸರಾಸರಿ ತೆಗೆದರೆ ಯಾದಗಿರಿಯವನೂ ಕಾಗದದ ಮೇಲೆ ಸಾಹುಕಾರನಾಗುತ್ತಾನೆ. 371ಜೆ ವಿಧಿಯ ಮೂಲಕ ಕಲ್ಯಾಣ ಕರ್ನಾಟಕ ಹಿಂದುಳಿದಿದೆ ಎಂದು ಸಂವಿಧಾನವೇ ಒಪ್ಪಿಕೊಂಡಿದೆ. ಹಣಕಾಸು ಆಯೋಗದ ಸರಾಸರಿಗೆ ಅದು ಕಾಣುವುದಿಲ್ಲ.

ಹಾಗೆಂದು ಬಿಹಾರ ನಮ್ಮ ಅನ್ನ ಕಿತ್ತುಕೊಂಡಿತು ಎನ್ನುವವರ ಜೊತೆ ನಾನಿಲ್ಲ. ಬಿಹಾರದ ತಲಾ ಆದಾಯ ದೇಶದ ಸರಾಸರಿಯ ಮೂರನೆಯ ಒಂದು ಭಾಗದ ಆಸುಪಾಸಿನಲ್ಲಿದೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೆ ಸೆಂಟ್ರಿಂಗ್ ಕಟ್ಟುವ ಹುಡುಗನನ್ನು ಹೆತ್ತು, ಸಾಕಿ, ಅಷ್ಟೋ ಇಷ್ಟೋ ಓದಿಸಿದ್ದು ಆ ರಾಜ್ಯ. ದುಡಿಯುವ ವಯಸ್ಸಿಗೆ ಅವನು ಬಂದದ್ದು ನಮ್ಮಲ್ಲಿಗೆ. ಆ ಸಾಗಾಟದ ಬಾಬತ್ತನ್ನು ಯಾವ ಆಯೋಗವೂ ಲೆಕ್ಕ ಹಾಕಿಲ್ಲ.

ಈಗ ಪೆಟ್ರೋಲ್ ಬಂಕಿಗೆ ಹೋಗೋಣ. ನನಗೆ ಈ ಇಡೀ ಕಥೆಯಲ್ಲಿ ಅತ್ಯಂತ ಬೆರಗು ಹುಟ್ಟಿಸಿದ ಅಂಕಿ ಇರುವುದು ಅಲ್ಲಿ.

2021ರ ಫೆಬ್ರವರಿಯಲ್ಲಿ ಒಂದು ಲೀಟರ್ ಪೆಟ್ರೋಲಿನ ಮೇಲೆ ಕೇಂದ್ರದ ಸುಂಕ 32 ರೂಪಾಯಿ 90 ಪೈಸೆ. ಇದರಲ್ಲಿ ಒಟ್ಟು ನಾಲ್ಕು ತುಂಡುಗಳಿದ್ದವು. ರಸ್ತೆ ಮತ್ತು ಮೂಲಸೌಕರ್ಯದ ಸೆಸ್ 18 ರೂಪಾಯಿ. ವಿಶೇಷ ಹೆಚ್ಚುವರಿ ಸುಂಕ 11 ರೂಪಾಯಿ. ಕೃಷಿ ಮೂಲಸೌಕರ್ಯದ ಸೆಸ್ ಎರಡೂವರೆ ರೂಪಾಯಿ. ಉಳಿದದ್ದು ಮೂಲ ಸುಂಕ, 1 ರೂಪಾಯಿ 40 ಪೈಸೆ. 2000ದಲ್ಲಿ ಬಂದ 80ನೆಯ ತಿದ್ದುಪಡಿಯ ನಂತರ ಸಂವಿಧಾನದ 270ನೆಯ ವಿಧಿ ಕೇಂದ್ರದ ಎಲ್ಲ ತೆರಿಗೆಗಳನ್ನೂ ರಾಜ್ಯಗಳ ಜೊತೆ ಹಂಚಿಕೊಳ್ಳಬೇಕು ಎನ್ನುತ್ತದೆ, ಸೆಸ್ ಮತ್ತು ಸರ್‌ಚಾರ್ಜ್ ಬಿಟ್ಟು. ಆ 'ಬಿಟ್ಟು' ಎಂಬ ಮಾತಿನ ಒಳಗೆ 31 ರೂಪಾಯಿ 50 ಪೈಸೆ ಕೂತಿತ್ತು. ಹಂಚುವ ಗಂಟಿಗೆ ಬಂದದ್ದು 1 ರೂಪಾಯಿ 40 ಪೈಸೆ ಮಾತ್ರ. ಅದರಲ್ಲಿ ಹದಿನೈದನೆಯ ಆಯೋಗದ ಲೆಕ್ಕದಂತೆ ಎಲ್ಲ ರಾಜ್ಯಗಳಿಗೂ ಸೇರಿ ನೂರಕ್ಕೆ 41, ಅಂದರೆ 57 ಪೈಸೆ. ಆ 57 ಪೈಸೆಯಲ್ಲಿ ಕರ್ನಾಟಕಕ್ಕೆ ನೂರಕ್ಕೆ 3.647.

ಎರಡು ಪೈಸೆ.

ಸರಿಯಾಗಿ ಹೇಳಬೇಕೆಂದರೆ 2.09 ಪೈಸೆ. ಹುಬ್ಬಳ್ಳಿಯಲ್ಲೋ ಹಾಸನದಲ್ಲೋ ಒಬ್ಬ ಸ್ಕೂಟರಿಗೆ ಒಂದು ಲೀಟರ್ ಹಾಕಿಸಿ ಕೇಂದ್ರಕ್ಕೆ 32 ರೂಪಾಯಿ 90 ಪೈಸೆ ಕೊಟ್ಟರೆ, ಹಂಚಿಕೆಯ ದಾರಿಯಲ್ಲಿ ಅವನ ರಾಜ್ಯಕ್ಕೆ ಮರಳಿ ಬಂದದ್ದು ಎರಡು ಪೈಸೆ. ಎರಡು ಪೈಸೆಯ ನಾಣ್ಯ 2011ರ ಜೂನ್ 30ಕ್ಕೇ ಕಾನೂನಿನ ಪ್ರಕಾರ ಸತ್ತುಹೋಗಿದೆ. ಕೊಡುತ್ತೇನೆಂದರೂ ಕೈಗೆ ಹಾಕಲು ನಾಣ್ಯವಿಲ್ಲ.

ಕೇಂದ್ರದ ಪರವಾಗಿ ಹೇಳಬೇಕಾದ ಮಾತೂ ಇದೆ. ರಸ್ತೆಯ ಸೆಸ್ ರಸ್ತೆಯಾಗಿ ಬರುತ್ತದೆ, ಆ ರಸ್ತೆ ಕರ್ನಾಟಕದಲ್ಲೂ ಹಾಯುತ್ತದೆ. ಮುಂದೆ 2021ರ ನವೆಂಬರಿನಲ್ಲಿ 5 ರೂಪಾಯಿ, 2022ರ ಮೇನಲ್ಲಿ 8 ರೂಪಾಯಿ ಇಳಿಸಿದಾಗ ಇಳಿಸಿದ್ದು ಸೆಸ್ಸನ್ನೇ. ಆ 1 ರೂಪಾಯಿ 40 ಪೈಸೆಯನ್ನು ಮುಟ್ಟಲಿಲ್ಲ. ಆದರೆ ಅಭ್ಯಾಸ ಪೆಟ್ರೋಲಿಗಷ್ಟೇ ನಿಲ್ಲಲಿಲ್ಲ ಎಂಬುದು ಚಿಂತೆಯ ಮಾತು. 2011-12ರಲ್ಲಿ ಕೇಂದ್ರದ ಒಟ್ಟು ತೆರಿಗೆಯಲ್ಲಿ ಸೆಸ್ ಮತ್ತು ಸರ್‌ಚಾರ್ಜುಗಳ ಪಾಲು ಹತ್ತನೆಯ ಒಂದರಷ್ಟಿತ್ತು. 2020-21ರ ಹೊತ್ತಿಗೆ ಐದನೆಯ ಒಂದರಷ್ಟಾಯಿತು. 42 ಕೊಟ್ಟೆವು, 41 ಕೊಟ್ಟೆವು ಎಂಬ ಲೆಕ್ಕದ ಅಡಿಪಾಯವೇ ಕಿರಿದಾಯಿತು. ರೊಟ್ಟಿಯ ಪಾಲು ಹೆಚ್ಚಿಸಿ, ಹಂಚುವ ರೊಟ್ಟಿಯನ್ನೇ ಚಿಕ್ಕದಾಗಿ ತಟ್ಟಿದಂತೆ.

ರಾಜ್ಯವೇನು ಸಾಚಾ ಅಲ್ಲ. ಅದೇ ಲೀಟರಿನ ಮೇಲೆ ಕರ್ನಾಟಕದ ಮಾರಾಟ ತೆರಿಗೆ 2024ರ ಜೂನ್‌ನಲ್ಲಿ ನೂರಕ್ಕೆ 25.92ರಿಂದ 29.84ಕ್ಕೆ ಏರಿತು. ಲೀಟರಿಗೆ ಮೂರು ರೂಪಾಯಿ ಹೆಚ್ಚು. 'ಕೇಂದ್ರ ಇಳಿಸಲಿ' ಎಂದು ರಾಜ್ಯ, 'ರಾಜ್ಯ ಇಳಿಸಲಿ' ಎಂದು ಕೇಂದ್ರ. ಪೆಟ್ರೋಲನ್ನು ಜಿಎಸ್‌ಟಿಗೆ ತರುವ ಮಾತು ಬಂದಾಗ ಮಾತ್ರ ಇಬ್ಬರೂ ಒಟ್ಟಿಗೆ ಗಂಟಲು ಸರಿಮಾಡಿಕೊಳ್ಳುತ್ತಾರೆ. ಇದಕ್ಕಿಂತ ಪ್ರಾಮಾಣಿಕವಾದ ಸಹಕಾರ ಒಕ್ಕೂಟದಲ್ಲಿ ಅಪರೂಪ.

ಜಿಎಸ್‌ಟಿ ಎಂದ ಮೇಲೆ ಅದರ ಮಂಡಳಿಯ ಲೆಕ್ಕ ಹೇಳಲೇಬೇಕು. 2017ರ ಜುಲೈ 1ರ ಮಧ್ಯರಾತ್ರಿ ಕೇಂದ್ರ ಮತ್ತು ರಾಜ್ಯಗಳ 17 ತೆರಿಗೆ, 13 ಸೆಸ್‌ಗಳು ಒಂದರೊಳಗೆ ಕರಗಿದವು. ದರ ಎಷ್ಟಿರಬೇಕೆಂದು ಹೇಳುವ ಹಕ್ಕನ್ನು ಸಂಸತ್ತೂ ವಿಧಾನಸಭೆಗಳೂ ಒಟ್ಟಿಗೆ ತಂದು ಒಂದು ಮೇಜಿನ ಮೇಲಿಟ್ಟವು. ಆ ಮೇಜಿನ ಸುತ್ತ ಕೇಂದ್ರದ ಜೊತೆ 28 ರಾಜ್ಯಗಳು, ವಿಧಾನಸಭೆಯುಳ್ಳ 3 ಕೇಂದ್ರಾಡಳಿತ ಪ್ರದೇಶಗಳು. ಮತದಲ್ಲಿ ಕೇಂದ್ರದ ತೂಕ ಮೂರನೆಯ ಒಂದು ಭಾಗ, ಉಳಿದ ಎರಡು ಭಾಗ ಆ 31 ಜನಕ್ಕೆ ಸಮಪಾಲು. ಯಾವ ನಿರ್ಣಯಕ್ಕೂ ನಾಲ್ಕನೆಯ ಮೂರು ಭಾಗದ ಬೆಂಬಲ ಬೇಕು. ಈಗ ಕೂಡಿಸಿ ಕಳೆದು ನೋಡಿ: 31 ಜನರೂ ಒಂದಾಗಿ ಕೈ ಎತ್ತಿದರೂ ನೂರಕ್ಕೆ 66.67. ಬೇಕಾದದ್ದು 75. ಕೇಂದ್ರ ತಲೆ ಅಲ್ಲಾಡಿಸಿದರೆ ಮುಗಿಯಿತು. ಇನ್ನೊಂದು ಕಡೆಯಿಂದ, ಹನ್ನೆರಡು ರಾಜ್ಯಗಳು ಒಟ್ಟಾಗಿ ಬೇಡ ಎಂದರೆ ಕೇಂದ್ರದ ಆಟವೂ ನಿಲ್ಲುತ್ತದೆ.

ಪ್ರತಿ ರಾಜ್ಯದ ಮತದ ತೂಕ ನೂರಕ್ಕೆ 2.15. ದೊಡ್ಡದು ಚಿಕ್ಕದು ಎಂಬುದಿಲ್ಲ. 2011ರ ಗಣತಿಯಲ್ಲಿ ಸಿಕ್ಕಿಮಿನ ಜನಸಂಖ್ಯೆ 6,10,577. ಕರ್ನಾಟಕದ್ದು 6,10,95,297. ಭಾಗಿಸಿ ನೋಡಿ, ನೂರು ಬರುತ್ತದೆ. ಯಾರೋ ಕೂತು ಹೊಂದಿಸಿದಂತೆ ಕರ್ನಾಟಕ ಎಂದರೆ ಸರಿಯಾಗಿ ನೂರು ಸಿಕ್ಕಿಮುಗಳು. ಜಿಎಸ್‌ಟಿ ಮಂಡಳಿಯಲ್ಲಿ ಇಬ್ಬರ ಕೈಯೂ ಒಂದೇ ತೂಕ. 2025-26ರ ತೆರಿಗೆ ಹಂಚಿಕೆಯಲ್ಲಿ ಸಿಕ್ಕಿಮಿಗೆ 0.388, ನಮಗೆ 3.647 ಇತ್ತು. ತಲೆಗೆ ಹಂಚಿದರೆ ಸಿಕ್ಕಿಮಿನವನಿಗೆ ವರ್ಷಕ್ಕೆ ತೊಂಬತ್ತು ಸಾವಿರ ರೂಪಾಯಿ, ಉತ್ತರ ಪ್ರದೇಶದವನಿಗೆ ಹನ್ನೆರಡು ಸಾವಿರದ ಏಳುನೂರು, ಕನ್ನಡಿಗನಿಗೆ ಎಂಟೂವರೆ ಸಾವಿರ. ಸಿಕ್ಕಿಮಿನ ಮೇಲೆ ಹೊಟ್ಟೆಕಿಚ್ಚು ಪಡಬೇಕಾಗಿಲ್ಲ. ಬೆಟ್ಟದ ಮೇಲೆ ರಸ್ತೆ ಕಡಿಯುವುದು, ಚೀನಾದ ಗಡಿಯಲ್ಲಿ ಶಾಲೆ ನಡೆಸುವುದು ತಲೆ ಎಣಿಸಿ ಮಾಡುವ ಖರ್ಚಲ್ಲ. ರಾಜ್ಯ ಎಷ್ಟೇ ಚಿಕ್ಕದಾದರೂ ಒಂದು ವಿಧಾನಸಭೆ, ಒಂದು ಸಚಿವಾಲಯ ಬೇಕೇ ಬೇಕು.

ಇಷ್ಟು ನಾಜೂಕಾಗಿ ತೂಗಿಟ್ಟ ಮತಗಳನ್ನು ಬಳಸಿದ್ದು ಎಷ್ಟು ಸಲ? ಮಂಡಳಿಯಲ್ಲಿ ಮೊದಲ ಮತದಾನ ನಡೆದದ್ದು 38ನೆಯ ಸಭೆಯಲ್ಲಿ, 2019ರ ಡಿಸೆಂಬರಿನಲ್ಲಿ, ಲಾಟರಿಯ ಮೇಲಿನ ತೆರಿಗೆಗಾಗಿ. ಅದಕ್ಕೂ ಮುಂಚಿನ 37 ಸಭೆಗಳಲ್ಲಿ ಬೆಣ್ಣೆಯಿಂದ ಸಿಮೆಂಟಿನವರೆಗೆ ಎಲ್ಲದರ ದರವೂ ಮಾತಿನಲ್ಲೇ ತೀರ್ಮಾನವಾಗಿತ್ತು. ಬೇರೆ ಬೇರೆ ಪಕ್ಷಗಳ ಮೂವತ್ತು ಮಂತ್ರಿಗಳು ಹಣದ ವಿಷಯದಲ್ಲಿ ಮೂರು ವರ್ಷ ಕೈ ಎತ್ತದೆ ಒಪ್ಪಿಕೊಂಡರು ಎಂಬುದನ್ನು ಅಣ್ಣತಮ್ಮಂದಿರ ನಡುವೆ ಒಂದು ಎಕರೆ ತೋಟ ಪಾಲು ಮಾಡಿಸಿದ ಅನುಭವವಿರುವ ಯಾರಾದರೂ ನಂಬುವುದು ಕಷ್ಟ.

ಒಪ್ಪಿಕೊಂಡದ್ದಕ್ಕೆ ಬೆಲೆಯೂ ಇತ್ತು. ರಾಜ್ಯಗಳ ವರಮಾನ ವರ್ಷಕ್ಕೆ ನೂರಕ್ಕೆ 14ರಂತೆ ಬೆಳೆಯುತ್ತದೆ, ಬೆಳೆಯದಿದ್ದರೆ ಕೊರತೆಯನ್ನು ಐದು ವರ್ಷ ನಾವು ತುಂಬಿಕೊಡುತ್ತೇವೆ ಎಂದು ಕೇಂದ್ರ ಮಾತು ಕೊಟ್ಟಿತು. ನೂರಕ್ಕೆ 14 ಎಂದರೆ ಐದು ವರ್ಷಕ್ಕೆ ಹೆಚ್ಚುಕಡಿಮೆ ಇಮ್ಮಡಿ. ಮೂರನೆಯ ವರ್ಷಕ್ಕೆ ಕೊರೊನಾ ಬಂತು. ಅಂಗಡಿ ಮುಚ್ಚಿದ ಮೇಲೆ ಯಾವ ಜಿಎಸ್‌ಟಿ? ರಾಜ್ಯಗಳು ಮಾತು ನೆನಪಿಸಿದವು, ಕೇಂದ್ರ ಮೊದಲು ನೀವೇ ಸಾಲ ಮಾಡಿಕೊಳ್ಳಿ ಎಂದಿತು, ತಿಂಗಳುಗಟ್ಟಲೆ ಎಳೆದಾಟವಾಯಿತು. ಕೊನೆಗೆ ಕೇಂದ್ರವೇ ಎರಡು ವರ್ಷದಲ್ಲಿ 2 ಲಕ್ಷ 69 ಸಾವಿರ ಕೋಟಿ ಸಾಲ ಎತ್ತಿ ರಾಜ್ಯಗಳಿಗೆ ದಾಟಿಸಿತು. ಆ ಸಾಲವನ್ನು ತೀರಿಸಿದವರು ನಾವು. 2022ರ ಜೂನ್‌ಗೆ ಮುಗಿಯಬೇಕಿದ್ದ ಪರಿಹಾರ ಸೆಸ್ಸನ್ನು ಅದಕ್ಕಾಗಿಯೇ ಮುಂದುವರಿಸಿದರು.

ದೊಡ್ಡವರ ಲೆಕ್ಕ ಕೆಳಗಿಳಿದು ಬಂದಾಗ ಹೇಗೆ ಕಾಣುತ್ತದೆ ಎಂಬುದನ್ನು 2025ರ ಜುಲೈನಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳ ಮುಂದೆ ನೋಡಿದೆವು. ಫೋನಿನಲ್ಲಿ ಹಣ ಪಡೆದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ನೋಟಿಸು ಕಳಿಸಿತು. ಕ್ಯೂಆರ್ ಕೋಡ್ ಇದ್ದ ಜಾಗದಲ್ಲಿ 'ನಗದು ಮಾತ್ರ' ಎಂಬ ಕೈಬರಹದ ಚೀಟಿ ಬಂತು. ನೋಟಿಸು ಕೊಟ್ಟದ್ದು ರಾಜ್ಯ ಎಂದು ಕೇಂದ್ರದ ಮಂತ್ರಿಗಳು, ಕಾನೂನು ಮಾಡಿದ್ದು ಕೇಂದ್ರ ಎಂದು ರಾಜ್ಯದವರು. ವಸೂಲಾಗುವ ಜಿಎಸ್‌ಟಿಯಲ್ಲಿ ಅರ್ಧ ಕೇಂದ್ರಕ್ಕೆ, ಅರ್ಧ ರಾಜ್ಯಕ್ಕೆ. ಬೈಗುಳವನ್ನು ಮಾತ್ರ ಇಬ್ಬರೂ ಪೂರ್ತಿಯಾಗಿ ಇನ್ನೊಬ್ಬರಿಗೆ ಬಿಟ್ಟುಕೊಟ್ಟರು.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆಗೆ 2023ರಲ್ಲಿ ಎರಡು ದೊಡ್ಡ ಉದಾಹರಣೆಗಳು ಸಿಕ್ಕವು. ಒಂದು ಅಕ್ಕಿ. ಅನ್ನಭಾಗ್ಯಕ್ಕೆ ತಿಂಗಳಿಗೆ ಇನ್ನೂ 2 ಲಕ್ಷ 28 ಸಾವಿರ ಟನ್ ಅಕ್ಕಿ ಬೇಕಾಗಿತ್ತು. ಹತ್ತು ಟನ್ನಿನ ಲಾರಿಯಾದರೆ ಇಪ್ಪತ್ತೆರಡು ಸಾವಿರದ ಎಂಟುನೂರು ಲಾರಿ, ಪ್ರತಿ ತಿಂಗಳೂ. ಕೇಂದ್ರದ ಗೋದಾಮಿನಲ್ಲಿ ಅಕ್ಕಿ ಇತ್ತು. ರಾಜ್ಯದ ಕೈಯಲ್ಲಿ ಹಣ ಇತ್ತು. ಆದರೆ ಆ ಜೂನ್‌ನಲ್ಲೇ ಮುಕ್ತ ಮಾರುಕಟ್ಟೆ ಯೋಜನೆಯಲ್ಲಿ ರಾಜ್ಯಗಳಿಗೆ ಅಕ್ಕಿ ಮಾರುವುದನ್ನು ಕೇಂದ್ರ ನಿಲ್ಲಿಸಿತು. ರಾಜ್ಯ ಕಿಲೋಗೆ 34 ರೂಪಾಯಿಯಂತೆ, ತಲೆಗೆ 170 ರೂಪಾಯಿಯನ್ನು ಜನರ ಬ್ಯಾಂಕ್ ಖಾತೆಗೆ ಹಾಕಿತು. 2025ರ ಆರಂಭದಲ್ಲಿ ಅದೇ ಕೇಂದ್ರ ಕಿಲೋಗೆ ಇಪ್ಪತ್ತೆರಡೂವರೆ ರೂಪಾಯಿಗೆ ಅಕ್ಕಿ ಕೊಡುತ್ತೇನೆ ಎಂದಿತು.

ಇನ್ನೊಂದು ಬರ. ಆ ವರ್ಷ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ರಾಜ್ಯ ಕೇಳಿದ್ದು 18,171 ಕೋಟಿ. ತಿಂಗಳುಗಳು ಉರುಳಿದವು. 2024ರ ಫೆಬ್ರವರಿ 7ರಂದು ಕರ್ನಾಟಕದ ಸಂಪುಟವೇ ದೆಹಲಿಯ ಜಂತರ್ ಮಂತರಿನಲ್ಲಿ 'ನನ್ನ ತೆರಿಗೆ ನನ್ನ ಹಕ್ಕು' ಎಂದು ಕೂತಿತು, ಮುಂದಿನ ತಿಂಗಳು ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್ ಕೊನೆಗೆ ಬಂದದ್ದು 3,454 ಕೋಟಿ. ಕೇಳಿದ್ದರ ಐದನೆಯ ಒಂದಕ್ಕಿಂತ ಸ್ವಲ್ಪ ಕಡಿಮೆ. ಹಣ ಬರುವಷ್ಟರಲ್ಲಿ ಮುಂದಿನ ಮುಂಗಾರಿನ ಮೋಡ ಕಾಣಿಸಿಕೊಳ್ಳುವ ಹೊತ್ತಾಗಿತ್ತು.

ಜಗಳ ಹಣಕ್ಕೆ ಇಳಿದದ್ದೇ ಒಂದು ಪ್ರಗತಿ ಎನ್ನಬೇಕು. ಮೊದಲು ಸರ್ಕಾರಗಳೇ ಹೋಗುತ್ತಿದ್ದವು. 1977ರಲ್ಲಿ ಜನತಾ ಸರ್ಕಾರ ಒಂಬತ್ತು ರಾಜ್ಯ ಸರ್ಕಾರಗಳನ್ನು ಒಟ್ಟಿಗೆ ಮನೆಗೆ ಕಳಿಸಿತು. 1980ರಲ್ಲಿ ಇಂದಿರಾ ಗಾಂಧಿಯವರು ಬಂದು ಸರಿಯಾಗಿ ಒಂಬತ್ತನ್ನೇ ಕಳಿಸಿ ಲೆಕ್ಕ ಚುಕ್ತಾ ಮಾಡಿದರು. 1989ರ ಏಪ್ರಿಲ್ 21ರಂದು ಎಸ್.ಆರ್. ಬೊಮ್ಮಾಯಿಯವರ ಸರ್ಕಾರ ಹೋಗುವುದಕ್ಕೆ ರಾಜ್ಯಪಾಲರ ಕೈಗೆ ತಲುಪಿದ 19 ಶಾಸಕರ ಪತ್ರಗಳು ಸಾಕಾದವು. ಅವರಲ್ಲಿ ಏಳು ಮಂದಿ ಮರುದಿನವೇ ಮಾತು ಬದಲಿಸಿದರೂ ಸದನದಲ್ಲಿ ತಲೆ ಎಣಿಸಲು ಅವಕಾಶ ಸಿಗಲಿಲ್ಲ. ಬೊಮ್ಮಾಯಿ ನ್ಯಾಯಾಲಯಕ್ಕೆ ಹೋದರು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಬಹುಮತದ ಪರೀಕ್ಷೆ ನಡೆಯಬೇಕಾದ್ದು ಸದನದಲ್ಲಿ, ರಾಜಭವನದಲ್ಲಲ್ಲ ಎಂದಿತು. ಅವರಿಗೆ ಕುರ್ಚಿ ಮರಳಿ ಬರಲಿಲ್ಲ. ಆದರೆ ಆಮೇಲೆ ಬಂದ ಎಷ್ಟೋ ಮುಖ್ಯಮಂತ್ರಿಗಳ ಕುರ್ಚಿ ಉಳಿದದ್ದು ಹುಬ್ಬಳ್ಳಿಯ ಆ ವಕೀಲರ ಹೆಸರಿನ ತೀರ್ಪಿನಿಂದ.

ಇಷ್ಟೆಲ್ಲ ಓದಿದವರಿಗೆ ದೆಹಲಿ ಸರ್ವಶಕ್ತ ಎನಿಸಬಹುದು. ಇನ್ನೊಂದು ತುದಿಯಿಂದ ನೋಡಿ. 2024ರ ಲೋಕಸಭಾ ಚುನಾವಣೆಯಲ್ಲಿ ಮತದಾರರು 96 ಕೋಟಿಗೂ ಹೆಚ್ಚು, ಮತಗಟ್ಟೆಗಳು ಹತ್ತೂವರೆ ಲಕ್ಷ, ಸಿಬ್ಬಂದಿ ಮತ್ತು ಭದ್ರತೆಯವರು ಸೇರಿ ಒಂದೂವರೆ ಕೋಟಿ ಜನ. ಇದನ್ನು ನಡೆಸುವ ಚುನಾವಣಾ ಆಯೋಗದ ದೆಹಲಿ ಕಚೇರಿಯಲ್ಲಿ ಇರುವುದು ಕೆಲವೇ ನೂರು ಜನ. ಮತಗಟ್ಟೆಯಲ್ಲಿ ಬೆರಳಿಗೆ ಶಾಯಿ ಹಚ್ಚುವ ಮೇಷ್ಟ್ರು, ಲಾರಿಗೆ ಪೆಟ್ಟಿಗೆ ಹತ್ತಿಸುವ ಗ್ರಾಮಲೆಕ್ಕಿಗ, ರಾತ್ರಿಯೆಲ್ಲ ಎದ್ದಿರುವ ತಹಸೀಲ್ದಾರ್ ರಾಜ್ಯದ ಸಂಬಳದವರು. ಹಳ್ಳಿಯ ಮಟ್ಟದಲ್ಲಿ ಕೇಂದ್ರಕ್ಕೆ ತನ್ನದೆಂಬ ಮನುಷ್ಯ ಅಂಚೆಯಣ್ಣನನ್ನು ಬಿಟ್ಟರೆ ಬಹುತೇಕ ಇಲ್ಲ. 2018-19ರಲ್ಲಿ ದೇಶದ ಒಟ್ಟು ಸರ್ಕಾರಿ ವರಮಾನದಲ್ಲಿ ನೂರಕ್ಕೆ ಸುಮಾರು 63ನ್ನು ಕೇಂದ್ರ ಎತ್ತಿತು, ಒಟ್ಟು ಖರ್ಚಿನಲ್ಲಿ ನೂರಕ್ಕೆ ಸುಮಾರು 62ನ್ನು ರಾಜ್ಯಗಳು ಮಾಡಿದವು. ಒಬ್ಬರ ಬಳಿ ಚೀಲ, ಇನ್ನೊಬ್ಬರ ಬಳಿ ಕೈಕಾಲು. ನಮ್ಮ ಮೆಟ್ರೊ ಕಂಪನಿಯಲ್ಲಿ ಇಬ್ಬರಿಗೂ ಅರ್ಧರ್ಧ ಪಾಲು. ರೈಲು ಹೊಸ ಮಾರ್ಗಕ್ಕೆ ಬಂದ ದಿನ ಇಬ್ಬರೂ ಬಾವುಟ ಹಿಡಿದು ಬರುತ್ತಾರೆ, ಟಿಕೆಟ್ ದರ ಏರಿದ ದಿನ ಇಬ್ಬರೂ ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ.

ಕೈಕಾಲಿರುವವರೂ ಕೆಳಗಿನವರಿಗೆ ಅದನ್ನೇ ಮಾಡುತ್ತಾರೆ. ದೆಹಲಿ ನಮ್ಮ ಪಾಲು ಕೊಡುವುದಿಲ್ಲ ಎನ್ನುವ ಬೆಂಗಳೂರಿನಲ್ಲೇ ಮಹಾನಗರ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಐದು ವರ್ಷ ಕಳೆದರೂ ಚುನಾವಣೆ ನಡೆಯಲಿಲ್ಲ. ಸಿಕ್ಕಿಮಿನ ಹತ್ತಿಪ್ಪತ್ತು ಪಟ್ಟು ಜನ ಒಬ್ಬ ಕಾರ್ಪೊರೇಟರ್ ಕೂಡ ಇಲ್ಲದೆ ಐದು ಮಳೆಗಾಲ ಕಳೆದರು. ಮೂರು ಪಕ್ಷಗಳಲ್ಲಿ ಯಾರಿಗೂ ಇದರಿಂದ ನಿದ್ದೆ ಕೆಟ್ಟಂತೆ ಕಾಣಲಿಲ್ಲ.

ನೀರಿನಲ್ಲೂ ದಶಮಾಂಶವೇ. ಕಾವೇರಿಯ ತೀರ್ಪಿಗೆ ನ್ಯಾಯಮಂಡಳಿ ತೆಗೆದುಕೊಂಡದ್ದು 1990ರಿಂದ 2007ರವರೆಗೆ. 740 ಟಿಎಂಸಿಯನ್ನು ಅಳೆದು ತೂಗಿ ಹಂಚಿತು, ಸಮುದ್ರಕ್ಕೆ ಹೇಗೂ ಹರಿದುಹೋಗುವ 4 ಟಿಎಂಸಿಯನ್ನೂ ಬಿಡದೆ. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟು ಕರ್ನಾಟಕಕ್ಕೆ 14.75 ಸೇರಿಸಿತು. ಬಿಳಿಗುಂಡ್ಲುವಿನಲ್ಲಿ ನಾವು ತಮಿಳುನಾಡಿಗೆ ಬಿಡಬೇಕಾದದ್ದು ವರ್ಷಕ್ಕೆ 177.25 ಟಿಎಂಸಿ ಎಂದಾಯಿತು. ಆ ಕೊನೆಯ ಕಾಲು ಟಿಎಂಸಿ ಎಂದರೆ 708 ಕೋಟಿ ಲೀಟರ್. 2023ರ ಸೆಪ್ಟೆಂಬರಿನಲ್ಲಿ ಹದಿನೈದು ದಿನ 5,000 ಕ್ಯುಸೆಕ್‌ನಂತೆ ಬಿಡಿ ಎಂಬ ಆದೇಶಕ್ಕೆ ಬೆಂಗಳೂರೂ ಕರ್ನಾಟಕವೂ ಒಂದೇ ವಾರದಲ್ಲಿ ಬೇರೆ ಬೇರೆಯಾಗಿ ಬಂದ್ ಆದವು. ಲೆಕ್ಕ ಹಾಕಿದರೆ ಅದು ಆರೂವರೆ ಟಿಎಂಸಿ. ನೀರು ರಾಜ್ಯದ ಪಟ್ಟಿಯಲ್ಲಿದೆ. ಅದು ಎಷ್ಟು ಹರಿಯಿತು ಎಂದು ಬಿಳಿಗುಂಡ್ಲುವಿನಲ್ಲಿ ಅಳೆಯುವುದು ಕೇಂದ್ರ ಜಲ ಆಯೋಗದ ಮಾಪನ ಕೇಂದ್ರ. ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ನಂಬದ ಕಡೆ ಅಳೆಯುವವನು ಮೂರನೆಯವನೇ ಆಗಿರಬೇಕು. ಒಕ್ಕೂಟ ಬದುಕಿರುವುದು ಇಂಥ ಕಬ್ಬಿಣದ ಅಳತೆಪಟ್ಟಿಗಳಿಂದ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಅಳತೆ ಮತ್ತೆ ಶುರುವಾಗಲಿದೆ. ಮುಂದಿನ ಜನಗಣತಿಯ ದಿನಾಂಕ 2027ರ ಮಾರ್ಚ್ 1. ಸುಮಾರು ಮೂವತ್ತು ಲಕ್ಷ ಜನ ಮನೆಮನೆಗೆ ಹೋಗುತ್ತಾರೆ. ಅವರಲ್ಲಿ ಹೆಚ್ಚಿನವರು ರಾಜ್ಯದ ಶಾಲಾ ಮೇಷ್ಟ್ರುಗಳೇ. ಬಾಗಿಲು ತಟ್ಟಿ ನಿಮ್ಮ ಮನೆಯಲ್ಲಿ ಎಷ್ಟು ಜನ ಎಂದು ಕೇಳಿ ಬರೆದುಕೊಳ್ಳುವ ಆ ಸಂಖ್ಯೆಯನ್ನು ಮುಂದಿನ ಹಣಕಾಸು ಆಯೋಗ ಸೂತ್ರಕ್ಕೆ ಹಾಕಿದರೆ ಎಲ್ಲ ರಾಜ್ಯಗಳ ದಶಮಾಂಶವೂ ಮತ್ತೊಮ್ಮೆ ಕದಲುತ್ತದೆ.

ಅಷ್ಟರವರೆಗಿನ ಲೆಕ್ಕವನ್ನು ಅರವಿಂದ ಪನಗಾರಿಯಾ ಅವರ ಹದಿನಾರನೆಯ ಆಯೋಗ ಮುಗಿಸಿಕೊಟ್ಟಿದೆ. ರಾಜ್ಯಗಳ ಒಟ್ಟು ಪಾಲು 41ರಲ್ಲೇ ಉಳಿಯಿತು. ದೇಶದ ಉತ್ಪನ್ನಕ್ಕೆ ಯಾರು ಎಷ್ಟು ಸೇರಿಸಿದರು ಎಂಬುದಕ್ಕೂ ಈ ಸಲ ನೂರರಲ್ಲಿ ಹತ್ತು ಅಂಕ ಬಂತು. 2026ರ ಏಪ್ರಿಲ್ 1ರಿಂದ ಐದು ವರ್ಷ ಕರ್ನಾಟಕದ ಸಂಖ್ಯೆ 4.131. ಮೊದಲ ವರ್ಷದ ಬಜೆಟ್ಟಿನ ಪ್ರಕಾರ ಸುಮಾರು 63,050 ಕೋಟಿ ರೂಪಾಯಿ. ಕೊನೆಯ ಆ 1ರ ಬೆಲೆ ಹದಿನೈದೂಕಾಲು ಕೋಟಿ.